ಟಕ್ಕು ಡಬ್ಬಿಯ ಕಂಕಣ

ಅರಿಶಿನದ ಕೊಂಬು ಎಂದ ಮಾತ್ರಕ್ಕೆ ಅದನ್ನು ಕಟ್ಟಿದ್ದು ಹೆಂಗಸೇ ಆಗಿರಬೇಕೆ? ಗಂಡಸರೂ ಕಟ್ಟುತ್ತಾರೆ. ಪೂಜಾರಿ ಕಟ್ಟುತ್ತಾನೆ. ಮದುವೆಮನೆಯಲ್ಲಿ ಪುರೋಹಿತ ಕಟ್ಟುತ್ತಾನೆ. ಆದರೆ ಪೂಜಾರಿಯಾಗಲಿ ಪುರೋಹಿತನಾಗಲಿ ರೇಷ್ಮೆ ಗೂಡು ಒಣಗಿಸುವ ಒಲೆಯ ಹಿಂದಕ್ಕೆ ಯಾಕೆ ಬರುತ್ತಾರೆ? ಅಥವಾ, ಬರಬಾರದೆಂದು ಎಲ್ಲಿದೆ?

ಬದರೀನಾಥ ಅಂಗೈ ಬಿಡಿಸಿ ಮತ್ತೊಮ್ಮೆ ನೋಡಿದ. ಹಳದಿ ನೂಲಿನ ಕಂಕಣ. ಅದಕ್ಕೆ ಬಿಗಿದ ಅರಿಶಿನದ ಕೊಂಬಿನ ಒಂದು ಮಗ್ಗುಲು ಸೀದು ಕಪ್ಪಾಗಿತ್ತು. ಒಲೆಯ ಹಿಂಬದಿಯಲ್ಲಿ, ಬಿಸಿ ಮಿತಿಮೀರಿದರೆ ಉರಿ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನಿಂದ ಈಗ ತಾನೇ ಅದನ್ನು ಕಿತ್ತು ತೆಗೆದವನು ಅವನೇ. ವಿಮಾ ಕಂಪನಿಯ ಸರ್ವೇಯರ್ ಆಗಿ ಸುಟ್ಟ ಅಂಗಡಿ, ಬೆಂದ ಬಣವೆ, ಕರಗಿದ ಮೋಟಾರು ಎಲ್ಲವನ್ನೂ ಅವನು ನೋಡಿದ್ದ. ಕಂಕಣ ಕಟ್ಟಿಸಿಕೊಂಡ ಯಂತ್ರವನ್ನು ನೋಡಿದ್ದು ಇದೇ ಮೊದಲು.

ಸೋಮವಾರ ಹೊಸೂರಿನ ಆಚೆಯ ರಾಯಕೋಟೆಯ ಈ ಕಾರ್ಖಾನೆಯಲ್ಲಿ ಫ್ಯಾನಿನ ಬೆಲ್ಟು ಹರಿದು, ಒಲೆ ಮಿತಿಮೀರಿ ಕಾದು, ಒಂದು ಕೋಣೆ ತುಂಬ ಗೂಡು ಕರಿಕಾಗಿತ್ತು.

"ಸಿಕ್ತಾ ಸಾರ್?" ಬಾಗಿಲ ಆಚೆಯಿಂದ ಕಾರ್ಖಾನೆಯ ಒಡೆಯ ರಾಮಕೃಷ್ಣಪ್ಪ ಕೂಗಿದ. ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು.

ಬದರೀನಾಥ ಜಗಲಿಗೆ ಬಂದು ಎಲ್ಲರೆದುರು ಅಂಗೈ ಚಾಚಿದ.

"ಅಯ್ಯಯ್ಯೋ, ಮಾಟ!" ಎಂದು ಎರಡು ಹೆಜ್ಜೆ ಹಿಂದೆ ಸರಿದವನು ಹೆಡ್ ಕಾನ್‌ಸ್ಟೇಬಲ್ ಮುತ್ತರಾಯಪ್ಪ. ತಮಿಳು ನಾಲಿಗೆಯಲ್ಲಿ ಹೆಡ್ಡು ಏಟ್ಟಾಗಿ, ಊರವರ ಬಾಯಲ್ಲಿ ಅವನು ಏಟ್ಟಯ್ಯ. ಸ್ಟೇಷನ್ನಿನಿಂದ ಸೈಕಲ್ ಮೇಲೆ ಬಂದು, ಬೆಳಗಿನಿಂದ ಇದೇ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದ.

"ಮಾಟನೂ ಇಲ್ಲ, ಮಣ್ಣೂ ಇಲ್ಲ," ಎಂದ ರಾಮಕೃಷ್ಣಪ್ಪ. "ಇವ್ನೇ ಸಿಗಿಸವ್ನೆ. ಒಲೆ ಹಿಂದಕ್ಕೆ ಇವ್ನ ಬಿಟ್ಟು ಇನ್ಯಾರು ಹೋಗ್ತಾರೆ? ಏನ್ಲಾ ಆವುಲಪ್ಪ, ಬಾಯಿ ಬುಡ್ಲಾ."

ಕಂಬಕ್ಕೆ ಒರಗಿ ನಿಂತಿದ್ದ ಆವುಲಪ್ಪ ಬಾಯಿ ಬಿಡಲಿಲ್ಲ. ಒಲೆ ಕಾಯುವುದು ಅವನ ಕೆಲಸ. ಸೋಮವಾರ ಹೊಗೆಯೊಳಗೆ ನುಗ್ಗಿ ಎಣ್ಣೆಯ ಕೊಳಾಯಿ ತಿರುಗಿಸಿ ಉರಿ ಆರಿಸಿದವನೂ ಅವನೇ. ಆ ಸಾಹಸದಲ್ಲಿ ಮೀಸೆಯ ಎಡಭಾಗ ಪೂರಾ ಸುಟ್ಟುಹೋಗಿತ್ತು. ಬಲಭಾಗವನ್ನೂ ಬೋಳಿಸಿಕೋ ಎಂದು ಹೆಂಡತಿ ಹೇಳಿದಾಗ, ಸಾಕ್ಷಿ ನಾಶವಾಗುತ್ತದೆಂದು ಏಟ್ಟಯ್ಯ ತಡೆದಿದ್ದ. ಹೀಗಾಗಿ ಅವನ ಕಷ್ಟವನ್ನು ಎಡಗಡೆಯಿಂದ ನೋಡಿದವರಿಗೆ ಅಯ್ಯೋ ಎನಿಸುತ್ತಿತ್ತು, ನೇರವಾಗಿ ನೋಡಿದವರಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

"ಸಾರ್, ನೀವು ಹೆಸ್ರು ಹೇಳ್ಬುಡಿ," ಎಂದ ರಾಮಕೃಷ್ಣಪ್ಪ. "ಕತ್ತಲಾಗೋದ್ರೊಳಗೆ ಏಟ್ಟಯ್ಯನ ಕೈಗೆ ಒಪ್ಪಿಸ್ಬುಡಾನ. ನಾಳೆ ಬೆಂಗಳೂರಿಂದ ನಿಮ್ಮ ಕಂಪನಿ ಎಂಜಿನಿಯರ್ ಬರೋ ಹೊತ್ಗೆ ಎಲ್ಲಾ ಇತ್ಯರ್ಥ ಆಗಿರ್ಬೇಕು."

ಇತ್ಯರ್ಥ ಎಂದರೆ ಏನೆಂದು ಬದರೀನಾಥನಿಗೆ ಗೊತ್ತಿತ್ತು. ಕಾಯುವ ಸ್ವಿಚ್ಚಿನ ಕತ್ತು ಹಿಸುಕಿದವನು ಎಂಬ ಹೆಸರು ಒಮ್ಮೆ ಬಿದ್ದರೆ, ಹೊಸೂರಿನಿಂದ ಕೃಷ್ಣಗಿರಿಯವರೆಗೆ ಯಾವ ಕಾರ್ಖಾನೆಯವರೂ ಆವುಲಪ್ಪನನ್ನು ಒಲೆಯ ಹತ್ತಿರ ಸೇರಿಸುವುದಿಲ್ಲ. ಒಲೆ ಬಿಟ್ಟರೆ ಅವನಿಗೆ ಬೇರೆ ಕಸಬಿಲ್ಲ.

ಬದರೀನಾಥ ಏನೂ ಹೇಳಲಿಲ್ಲ.

ಅದು ತಂತ್ರವಲ್ಲ. ಏನು ಹೇಳಬೇಕೆಂದು ಅವನಿಗೆ ನಿಜವಾಗಿಯೂ ತೋಚಿರಲಿಲ್ಲ. ಪದವಿ ಮುಗಿಸಿದ ಮೇಲೆ ಅವನು ಸಂಪಾದಿಸಿದ್ದು ಒಂದು ಕೊಡೆ ಮತ್ತು ಬಗೆಹರಿಯದ ಹಲವಾರು ಅನುಮಾನಗಳು. ಆದರೆ ಅವನು ಸುಮ್ಮನಿದ್ದರೆ ಎದುರಿಗಿದ್ದವರಿಗೆ ತಮ್ಮ ಎದೆಯೊಳಗೆ ಯಾರೋ ಟಾರ್ಚು ಬಿಟ್ಟಂತಾಗಿ, ತಾವಾಗಿ ಬಾಯಿ ಬಿಡುತ್ತಿದ್ದರು. ತೊಂದರೆಯೆಂದರೆ, ಕೇಸಿಗೆ ಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೇಳುತ್ತಿದ್ದರು.

ರಾಮಕೃಷ್ಣಪ್ಪನೇ ಮೊದಲು ಕುಸಿದ. "ಹಂಗ್ ನೋಡ್ಬೇಡಿ ಸಾರ್," ಎಂದು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಹೂಂ, ಒಪ್ಕೋತೀನಿ. ಶನಿವಾರ ಗೂಡು ಮಾರ್ಕೆಟ್ಟು ಅಂತ ಕೃಷ್ಣಗಿರಿಗೆ ಹೋಗೋದು ನಾನು ಮೊಟ್ಟೆ ಪರೋಟ ತಿನ್ನಾಕೆ. ಶನಿವಾರ ನಾನು ಒಪ್ಪತ್ತು ಅಂತ ನಮ್ಮವ್ವ ನಂಬ್ಕೊಂಡವ್ಳೆ. ಈ ಕೇಸಿಗೂ ಅದ್ಕೂ ಸಂಬಂಧ ಇಲ್ಲ, ದಯವಿಟ್ಟು ಎಳೀಬೇಡಿ."

ಏಟ್ಟಯ್ಯನೂ ಹತ್ತಿರ ಬಂದ. "ಸಾಮಿ, ನಂದೂ ಒಂದೈತೆ. ಸರ್ಕಾರಿ ಲಾಠಿ ತಳಿ ಊರ ಕಾಡ್ನಾಗೆ ಆನೆ ಓಡಿಸುವಾಗ ಕಳೆದೋಯ್ತು. ಈಗ ಹಿಡ್ಕಂಡಿರೋದು ನಮ್ಮತ್ತೆ ಮನೆ ಒನಕೆ. ಕುಯ್ಸಿ ಪಾಲಿಶ್ ಮಾಡ್ಸಿವ್ನಿ. ಎಸ್‌ಐ ಕೈಗೆ ಕೊಡೋವಾಗೆಲ್ಲ ನಡುಕ ಬತ್ತದೆ."

ಉಳಿದವನು ಮ್ಯಾನೇಜರ್ ಸುಬ್ಬರಾಮ. ಹೊಸೂರು ಪೇಟೆಯವನು, ಡಿಪ್ಲೊಮಾ ಓದಿದವನು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಪೆನ್ನು, ಬಾಚಣಿಗೆ, ಸ್ಕ್ರೂ ಡ್ರೈವರ್ ಮೂರೂ ಸಾಲಾಗಿ ನಿಂತಿದ್ದವು. ಕೇಳುವ ಮೊದಲೇ ಅವನು ಅಚ್ಚುಕಟ್ಟಾಗಿ ವಿವರಿಸಿದ.

"ಸಿಂಪಲ್ ಸಾರ್. ಒಲೆಯ ಬಿಸಿಗಾಳಿ ಪೆಟ್ಟಿಗೆಯೊಳಗೆ ಒಂದು ಲೋಹದ ಸುರುಳಿ ಇದೆ. ಕಾದ ಹಾಗೆ ಸುರುಳಿ ಬಿಚ್ಚಿಕೊಳ್ಳುತ್ತೆ, ಹೊರಗಡೆ ಡಬ್ಬಿಯಲ್ಲಿರೋ ಬಿಲ್ಲೆ ತಿರುಗುತ್ತೆ. ನಾವು ಇಟ್ಟ ಗುರುತಿಗೆ ಬಂತೋ, ಟಕ್! ಬರ್ನರಿಗೆ ಕರೆಂಟು ಬಂದ್. ಫ್ಯಾನು ನಿಲ್ಲಲಿ, ಗಾಳಿಗೆ ಏನಾದರೂ ಅಡ್ಡ ಬರಲಿ, ಬಿಸಿ ಹೊರಗೆ ಹೋಗದೆ ಒಳಗೇ ಗುಡ್ಡೆ ಬೀಳುತ್ತೆ. ಆಗ ಕಾಪಾಡೋದು ಇದೊಂದೇ. ಆ ಬಿಲ್ಲೆ ತಿರುಗದ ಹಾಗೆ ಅರಿಶಿನದ ಕೊಂಬು ಸಿಗಿಸಿದರೆ ಇನ್ನೇನಾಗುತ್ತೆ ಹೇಳಿ?"

ಕೆಲಸದವರು ಅದನ್ನು ಟಕ್ಕು ಡಬ್ಬಿ ಎನ್ನುತ್ತಿದ್ದರು.

ಬದರೀನಾಥ ಅವನನ್ನೂ ಸುಮ್ಮನೆ ನೋಡಿದ. ಸುಬ್ಬರಾಮ ಮುಗುಳ್ನಕ್ಕು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಅವನೂ ಸುಮ್ಮನಿದ್ದ. ತನ್ನ ಮೌನಕ್ಕೆ ಸರಿಜೋಡಿ ಕೊನೆಗೂ ಒಬ್ಬ ಸಿಕ್ಕಿದನಲ್ಲ ಎಂದು ಬದರೀನಾಥನಿಗೆ ಒಳಗೊಳಗೇ ಸಂತೋಷವಾಯಿತು. ಬಚ್ಚಿಡುವುದೇನೂ ಇಲ್ಲದ ಮನುಷ್ಯನ ಮುಖ ಹೀಗೇ ಇರಬೇಕು ಎಂದುಕೊಂಡ.

ಅಷ್ಟರಲ್ಲಿ ಒಳಮನೆಯಿಂದ ಕರಿದ ಸಂಡಿಗೆಯ ತಟ್ಟೆ ಬಂತು. ಹಿಡಿದು ತಂದವರು ರಾಮಕೃಷ್ಣಪ್ಪನ ತಾಯಿ ಗಂಗರತ್ನಮ್ಮ. ಕಾರ್ಖಾನೆಗೂ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಎರಡೂ ಕಡೆ ಅವರದೇ ಮಾತು ನಡೆಯುತ್ತಿತ್ತು.

ಬದರೀನಾಥ ಒಂದು ಸಂಡಿಗೆ ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ್ದರಿಂದ ಮಾತಾಡಲಿಲ್ಲ. ಗಂಗರತ್ನಮ್ಮ ಅದನ್ನು ಬೇರೆಯೇ ರೀತಿ ತಿಳಿದರು.

"ಕಂಡುಹಿಡಿದ್ಬುಟ್ರಾ?" ಎಂದು ಅಲ್ಲೇ ಕುಕ್ಕರಿಸಿದರು. "ಆಯ್ತಪ್ಪ, ಹೇಳ್ಬುಡ್ತೀನಿ. ಜಡಿಮಳೆ ಹಿಡ್ಕಂಡು ಬಿಸ್ಲು ಕಣ್ಣಿಗೆ ಕಂಡಿಲ್ಲ. ಮೊಮ್ಮಗಳ ಸೀಮಂತಕ್ಕೆ ಸಂಡಿಗೆ ಬ್ಯಾಡ್ವಾ? ಆ ಗೂಡು ಒಣಗ್ಸೋ ರೂಮ್ನಾಗೆ ನೆಲಕ್ಕೆ ಒಂದು ಜಾಲರಿ ಐತಲ್ಲ, ಅದ್ರ ಮ್ಯಾಲೆ ಒದ್ದೆ ಪಂಚೆ ಹಾಸಿ ಸಂಡಿಗೆ ಇಟ್ಟೆ. ಗಾಳಿ ಅಲ್ಲಿ ಸಂದಾಗೈತೆ."

"ಅವ್ವಾ! ಅದು ಗಾಳಿ ವಾಪಸ್ ಹೋಗೋ ದಾರಿ!"

"ನಂಗೇನ್ಲಾ ಗೊತ್ತು? ಜಾಲರಿ ಮ್ಯಾಲೆ ಬೋರ್ಡ್ ಹಾಕಿದ್ಯಾ?" ಎಂದು ಮಗನನ್ನು ಸುಮ್ಮನಾಗಿಸಿ ಮುಂದುವರಿಸಿದರು. "ಪಂಚೆ ಹಾಸಿದಾಗೆಲ್ಲ ಹಿಂದ್ಗಡೆ ಟಕ್ ಅನ್ನೋದು, ಉರಿ ಹೋಗೋದು. ಸಂಡಿಗೆ ಅರೆಬರೆ. ಮೊದ್ಲ ಸಲದ್ದೆಲ್ಲ ಬೂಸ್ಟು ಬಂದು ಹಸುಗೆ ಹಾಕ್ದೆ. ಈಗ ನೀವ್ ತಿಂತಿರೋದು ಬೇಸ್ತವಾರದ್ದು. ಅವತ್ತು ಆ ಪುಣ್ಯಾತ್ಮ ಒಂದ್ಸಲಾನೂ ಟಕ್ ಅನ್ಲಿಲ್ಲ. ಒಂದೇ ಉಸಿರ್ಗೆ ಒಣಗ್ತು. ಹೆಂಗೈತೆ ನೋಡಿ, ಗರಿಗರಿ!"

ಬದರೀನಾಥನ ಹಲ್ಲಿನ ನಡುವೆ ಸಂಡಿಗೆ ಫಳ್ ಎಂದು ಮುರಿಯಿತು. ನಿಜಕ್ಕೂ ಗರಿಗರಿಯಾಗಿತ್ತು.

"ಒಂಚೂರು ಹುಳದ ವಾಸ್ನೆ ಬತ್ತದೆ," ಎಂದು ಅವರೇ ಸೇರಿಸಿದರು. "ಬೀಗರು ತಿಂದು, ಅದೇನು ಮಸಾಲೆ ಅಂತ ಕೇಳಿದ್ರು. ನಾನ್ ಹೇಳ್ಲಿಲ್ಲ."

"ಮಾನ ಕಳೀತೀಯ ಕಣವ್ವ."

"ನೀನ್ ಸುಮ್ಕಿರ್ಲಾ. ಶನಿವಾರ ಕೃಷ್ಣಗಿರೀಲಿ ನಿನ್ ಒಪ್ಪತ್ತು ಯಾವ ಹೋಟ್ಲಲ್ಲಿ ನಡೀತದೆ ಅಂತ ನಂಗೊತ್ತು."

ರಾಮಕೃಷ್ಣಪ್ಪ ಬದರೀನಾಥನ ಕಡೆ ದ್ರೋಹವೆಸಗಿದವನನ್ನು ನೋಡುವ ಹಾಗೆ ನೋಡಿದ.

ಈ ಗದ್ದಲದಲ್ಲಿ ಗಂಗರತ್ನಮ್ಮ ಆವುಲಪ್ಪನಿಗೂ ಒಂದು ಲೋಟ ಟೀ ಚಾಚಿದರು. ಬಲಗೈಗೆ ಟವೆಲ್ಲು ಸುತ್ತಿಕೊಂಡಿದ್ದ ಅವನು ಎಡಗೈ ನೀಡಿದ. "ಎಡಗೈಲಿ ಇಸ್ಕೋತಾರೇನ್ಲಾ?" ಎಂದು ಅವರು ಗದರಿಸಿದಾಗ ಗಾಬರಿಯಿಂದ ಬಲಗೈ ಮುಂದೆ ಮಾಡಿದ. ಟವೆಲ್ಲು ಜಾರಿತು.

ಅವನ ಮುಂಗೈಯಲ್ಲಿ ಹಳದಿ ನೂಲಿತ್ತು. ನೂಲಿನಲ್ಲಿ ಅರಿಶಿನದ ಕೊಂಬಿತ್ತು.

ಆವುಲಪ್ಪನ ಕಣ್ಣು ಬದರೀನಾಥನ ಕಣ್ಣಿಗೆ ಸಿಕ್ಕಿತು. ಅರ್ಧ ಮೀಸೆ ನಡುಗಿತು. ಅವನು ಕೈ ಮುಗಿಯಲಿಲ್ಲ, ಬೇಡ ಎಂದು ತಲೆ ಅಲ್ಲಾಡಿಸಿದ ಅಷ್ಟೆ.

ಬೇಡ ಎಂದರೆ ಯಾರ ಹೆಸರು ಬೇಡ? ತನ್ನದೇ ಆಗಿದ್ದರೆ ಹೀಗೆ ಕೇಳುತ್ತಿರಲಿಲ್ಲ. ಆ ಕೈಗೆ ಕಂಕಣ ಕಟ್ಟಿದವಳದೇ ಇರಬೇಕು.

ಬದರೀನಾಥ ಕೊಡೆ ಬಿಚ್ಚಿ ಅಂಗಳ ದಾಟಿದ.

ಗೂಡು ಆರಿಸುವ ಚಪ್ಪರದಲ್ಲಿ ಶ್ಯಾಮಲಮ್ಮ ಒಬ್ಬಳೇ ಕೂತಿದ್ದಳು. ಮುಂದೆ ಮೊರ, ಮೊರದ ತುಂಬ ಅರೆಸುಟ್ಟ ಗೂಡು. ಕರಿಕಾದದ್ದನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಎಸೆಯುತ್ತಿದ್ದಳು. ಆವುಲಪ್ಪನ ಹೆಂಡತಿ. ಗಟ್ಟಿ ಹೆಂಗಸೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ಬದರೀನಾಥ ಕಂಕಣವನ್ನು ಮೊರದ ಅಂಚಿನಲ್ಲಿಟ್ಟು ಅವಳನ್ನೇ ನೋಡುತ್ತ ನಿಂತ.

ಅವಳು ನಾಲ್ಕು ಗೂಡು ಆರಿಸಿ ಎಸೆದಳು. ಆಮೇಲೆ ತಲೆ ಎತ್ತಿದಳು. "ಎಷ್ಟೊತ್ತು ಹಂಗೇ ನೋಡ್ತೀರಾ ಸ್ವಾಮಿ? ನಾನೇನು ಸಿನಿಮಾನಾ? ಕೇಳೋದಿದ್ರೆ ಕೇಳಿ."

ಬದರೀನಾಥನಿಗೆ ನಾಚಿಕೆಯಾಯಿತು. "ಆವುಲಪ್ಪನ ಕೈಗೆ ಕಟ್ಟಿದ್ದು ನೀವಾ?"

"ನನ್ ಗಂಡನ ಕೈಗೆ ನಾನ್ ಕಟ್ದೆ ಪಕ್ಕದ್ಮನೆಯೋಳು ಕಟ್ತಾಳಾ?"

"ಮತ್ತೆ ಇದು?"

ಅವಳು ಕಂಕಣವನ್ನು ನೋಡಿದಳು. ಮುಟ್ಟಲಿಲ್ಲ.

"ಅದೂ ನಾನೇ. ಶುಕ್ರವಾರ ಮಾರಮ್ಮನ ಗುಡೀಲಿ ಪೂಜೆ ಮಾಡ್ಸಿ ಎರಡು ತಂದೆ. ಒಂದು ಆವಯ್ಯಂಗೆ, ಒಂದು ಆ ಡಬ್ಬಿಗೆ. ಇಬ್ರೂ ಮಿತಿ ಮೀರೋ ಸಹವಾಸ್ದಾಗಿರೋರೇ ಅಲ್ವಾ? ಒಬ್ಬಂಗೆ ಸಾರಾಯಿ ಅಂಗಡಿ, ಒಬ್ಬಂಗೆ ಒಲೆ."

"ಡಬ್ಬಿಗೆ ಯಾಕೆ ಕಟ್ಟಿದ್ರಿ?"

"ಮ್ಯಾನೇಜರಯ್ಯನೇ ಎಲ್ರನ್ನೂ ನಿಲ್ಲಿಸಿ ಭಾಷಣ ಮಾಡಿದ್ರು, ಬಿಸಿ ಗಡಿ ದಾಟದಂಗೆ ಕಾಯೋದು ಇದೇ ಅಂತ. ನಮ್ಮೂರಾಗೆ ಕಂಕಣ ಕಟ್ಟಿದ್ಮೇಲೆ ಯಾರೂ ಊರ ಗಡಿ ದಾಟಾಕಿಲ್ಲ. ಹ್ವಾದ್ ವರ್ಷ ಮುನಿರತ್ನಮ್ಮನ ಗಂಡ ಕಂಕಣ ಕಟ್ಟಿಸ್ಕೊಂಡು ಕಳ್ಳತನ್ದಾಗೆ ಸೂಳಗಿರಿ ಬಸ್ಸತ್ತಿದ. ಗಡಿ ಕಲ್ಲತ್ರನೇ ಬಸ್ ಪಂಚರ್. ಬಸ್ನಾಗಿದ್ದೋರೆಲ್ಲ ಸೇರಿ ಅವ್ನಿಗೆ ಬೈದ್ರು." ಅವಳು ಮತ್ತೊಂದು ಗೂಡು ಎತ್ತಿದಳು, ಎಸೆಯಲಿಲ್ಲ. "ಒಲೆ ಗಡಿ ದಾಟಿದ್ರೆ ಮೊದ್ಲು ಹೋಗೋನು ಅದ್ರ ಮುಂದೆ ಕೂತಿರೋನು. ಅವ್ನನ್ನ ಕಾಯೋ ಡಬ್ಬಿಗೆ ಒಂದು ಕಾಪು ಬ್ಯಾಡ್ವಾ ಸ್ವಾಮಿ?"

ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಅವನು ಓದಿದ ಎಷ್ಟೋ ತರ್ಕಗಳಿಗಿಂತ ಇದು ನೆಟ್ಟಗಿತ್ತು. ಕಾಯುವವನ ಕೈಯನ್ನೇ ಕಟ್ಟಿಹಾಕಿತ್ತು, ಅಷ್ಟೇ.

"ಆವಯ್ಯನ ಮ್ಯಾಲೆ ಕೆಲ್ಸ ಮಾಡ್ತು," ಎಂದಳು. "ಶುಕ್ರವಾರದಿಂದ ಸಾರಾಯಿ ಅಂಗಡಿ ದಾರಿ ತುಳಿದಿಲ್ಲ. ಡಬ್ಬೀನೂ ಟಕ್ ಅನ್ನೋದು ನಿಲ್ಲಿಸ್ತು. ಅಮ್ಮ ಕೇಳಿಸ್ಕೊಂಡ್ಲು, ಒಲೆ ತಣ್ಣಗಾಯ್ತು ಅಂದ್ಕೊಂಡೆ. ಸೋಮವಾರ ಹೊಗೆಯೊಳಗಿಂದ ಆವಯ್ಯ ಅರ್ಧ ಮೀಸೇಲಿ ಎದ್ದು ಬಂದಾಗ..." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಗಟ್ಟಿಯಾದಳು. "ನನ್ ಹೆಸ್ರು ಹೇಳ್ಬೇಡಿ ಅಂತ ನಾನ್ ಕೇಳಾಕಿಲ್ಲ. ಆವಯ್ಯನ ತಲೆ ಮ್ಯಾಲೆ ಹಾಕ್ಬೇಡಿ. ಅವ್ನಿಗೆ ಒಲೆ ಕಾಯೋದು ಬಿಟ್ರೆ ಏನೂ ಬರಾಕಿಲ್ಲ. ಮನೇಲಿ ಒಲೆ ಹಚ್ಚಾಕೂ ಬರಾಕಿಲ್ಲ, ಅದು ಬ್ಯಾರೆ ಮಾತು."

ಬದರೀನಾಥ ಹೊರಡಲು ತಿರುಗಿದವನು, ಸುಮ್ಮನೆ ಕೇಳಬೇಕೆಂದು ಕೇಳಿದ. "ಆ ಡಬ್ಬಿ ಮುಚ್ಚಳಕ್ಕೆ ಸ್ಕ್ರೂ ಹಾಕಿರ್ತಾರೆ. ಹೇಗೆ ಬಿಚ್ಚಿದ್ರಿ?"

"ಯಾವ ಸ್ಕ್ರೂ?" ಎಂದಳು ಶ್ಯಾಮಲಮ್ಮ. "ನಾನೋದಾಗ ಮುಚ್ಚಳ ನೇತಾಡ್ತಿತ್ತು."

ಅಂಗಳದ ನಡುವೆ ಬಂದಾಗ ಬದರೀನಾಥನ ಕಾಲು ತಾನಾಗಿ ನಿಂತಿತು.

ಶುಕ್ರವಾರ ಕಂಕಣ ಕಟ್ಟಿದ್ದು. ಆದರೆ ಗಂಗರತ್ನಮ್ಮನ ಸಂಡಿಗೆ ಗರಿಗರಿಯಾಗಿ ಒಣಗಿದ್ದು ಗುರುವಾರ. ಅವತ್ತೂ ಜಾಲರಿಯ ಮೇಲೆ ಒದ್ದೆ ಪಂಚೆ ಇತ್ತು. ಗಾಳಿಯ ದಾರಿ ಮುಚ್ಚಿತ್ತು. ಹಿಂದೆಲ್ಲ ಟಕ್ ಎಂದಿದ್ದ ಡಬ್ಬಿ ಗುರುವಾರ ಯಾಕೆ ಸುಮ್ಮನಿತ್ತು? ಕಂಕಣವಿನ್ನೂ ಮಾರಮ್ಮನ ಗುಡಿಗೇ ಹೋಗಿರಲಿಲ್ಲ.

ಜಗಲಿಯವರ ಕಣ್ಣು ತಪ್ಪಿಸಿ ಅವನು ಒಲೆಯ ಹಿಂದಕ್ಕೆ ಹೋದ. ಕಿಸೆಯ ಪುಟ್ಟ ಟಾರ್ಚಿನ ಬೆಳಕನ್ನು ಡಬ್ಬಿಯೊಳಗೆ ಬಿಟ್ಟ. ಮೊದಲ ಸಲ ಕಂಕಣ ಕಂಡ ಕೂಡಲೇ ಅದನ್ನು ಕಿತ್ತುಕೊಂಡು ಓಡಿದ್ದ. ಬಿಲ್ಲೆಯ ಹಿಂದೆ ಬಗ್ಗಿ ನೋಡಿರಲಿಲ್ಲ.

ಈಗ ನೋಡಿದ.

ಸ್ವಿಚ್ಚಿನ ಎರಡು ತುದಿಗೆ ಸೇರಬೇಕಾದ ಎರಡು ವೈರುಗಳನ್ನು ಅಲ್ಲಿಂದ ಬಿಚ್ಚಿ, ಒಂದಕ್ಕೊಂದು ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಕರೆಂಟು ಸ್ವಿಚ್ಚಿನ ಒಳಗೆ ಹೋಗದೆ ನೇರವಾಗಿ ಬರ್ನರಿಗೆ ಹೋಗುತ್ತಿತ್ತು. ಬಿಲ್ಲೆ ತಿರುಗಿದರೂ ಅಷ್ಟೇ, ತಿರುಗದಿದ್ದರೂ ಅಷ್ಟೇ. ಉರಿಯನ್ನು ತಡೆಯುವ ಶಕ್ತಿ ಆ ಡಬ್ಬಿಗೆ ಉಳಿದೇ ಇರಲಿಲ್ಲ.

ಟೇಪಿನ ಮೇಲೆ ಅರಿಶಿನದ ಪುಡಿ ಉದುರಿತ್ತು. ಮೇಲೆ. ಕೆಳಗಲ್ಲ. ಟೇಪು ಸುತ್ತಿದ ಮೇಲೆಯೇ ಕಂಕಣ ಬಂದಿತ್ತು.

ಅಚ್ಚುಕಟ್ಟಾದ ಕೆಲಸ. ಟೇಪಿನ ಸುತ್ತು ಒಂದರ ಮೇಲೊಂದು ಇಸ್ತ್ರಿ ಮಾಡಿದಂತೆ ಕೂತಿತ್ತು. ಬದರೀನಾಥನಿಗೆ ಮೂರು ವಸ್ತು ಸಾಲಾಗಿ ನಿಂತ ಒಂದು ಜೇಬು ನೆನಪಾಯಿತು. ಇಡೀ ಕಾರ್ಖಾನೆಯಲ್ಲಿ ತನ್ನ ಮೌನದ ಎದುರು ಏನೂ ಒಪ್ಪಿಕೊಳ್ಳದ ಒಬ್ಬನೇ ಮನುಷ್ಯ ನೆನಪಾದ.

ಯಾಕೆ ಮಾಡಿದ? ಡಬ್ಬಿ ಪದೇ ಪದೇ ಟಕ್ ಎನ್ನುತ್ತಿದೆಯೆಂದು ಎಲ್ಲರೂ ಗೊಣಗಿದ್ದಕ್ಕೆ ಬೇಸತ್ತು ಬಾಯಿ ಮುಚ್ಚಿಸಿದನೆ? ಅಥವಾ ಗೂಡು ಸುಡಲೆಂದೇ ಮಾಡಿದನೆ? ತಾನಾಗಿ ಮಾಡಿದನೆ? ರಾಮಕೃಷ್ಣಪ್ಪನೇ ಮಾಡಿಸಿದ್ದರೆ? ಮೊಟ್ಟೆ ಪರೋಟದ ಪಾಪವನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡವನು ಅದರ ಕೆಳಗೆ ಇನ್ನೊಂದನ್ನು ಅಡಗಿಸಿರಬಹುದಲ್ಲ?

ಒಂದು ಮಾತ್ರ ಸ್ಪಷ್ಟವಿತ್ತು. ನಾಳೆ ಎಂಜಿನಿಯರ್ ಬಂದು ತನ್ನ ಕಣ್ಣಿನಿಂದ ನೋಡುವವರೆಗೆ ಆ ಟೇಪು ಹಾಗೆಯೇ ಇರಬೇಕು. ಬದರೀನಾಥ ಮುಚ್ಚಳವನ್ನು ಮೊದಲಿನಂತೆಯೇ ನೇತಾಡಲು ಬಿಟ್ಟು ಜಗಲಿಗೆ ಹೊರಟ.

ಜಗಲಿಯಲ್ಲಿ ಜಾತ್ರೆ ನೆರೆದಂತಿತ್ತು.

"ನಾನೇ ಸಿಗಿಸ್ದೆ!" ಆವುಲಪ್ಪ ಕೂಗುತ್ತಿದ್ದ. "ಬರಕೊಳ್ಳಿ ಏಟ್ಟಯ್ಯ. ಕುಡ್ದಿದ್ದೆ, ತಲೆ ಕೆಟ್ಟಿತ್ತು, ಸಿಗಿಸ್ದೆ."

"ಸುಳ್ಳು!" ಬದರೀನಾಥನ ಹಿಂದೆಯೇ ಮಳೆಯಲ್ಲಿ ನೆನೆಯುತ್ತ ಓಡಿ ಬಂದ ಶ್ಯಾಮಲಮ್ಮ ಗಂಡನನ್ನು ಪಕ್ಕಕ್ಕೆ ತಳ್ಳಿದಳು. "ಶುಕ್ರವಾರದಿಂದ ಇವ್ನು ಒಂದು ಹನಿ ಕುಡ್ದಿಲ್ಲ. ಕುಡ್ದಿದ್ದೆ ಅಂತ ನನ್ನ ಕಂಕಣಕ್ಕೆ ಯಾಕ್ಲಾ ಅವಮಾನ ಮಾಡ್ತೀಯ? ಏಟ್ಟಯ್ಯ, ಕಟ್ಟಿದ್ದು ನಾನು."

"ಲೇ, ಸುಮ್ಕಿರೇ! ಜೈಲಿಗೋಗೋದು ಹೆಂಗಸ್ರ ಕೆಲ್ಸಾನಾ?"

"ನಿಂಗೆ ಅಲ್ಲಿ ಅನ್ನ ಯಾರ್ ಬೇಯಿಸ್ತಾರೆ?"

"ಇಬ್ರೂ ಬಾಯಿ ಮುಚ್ಚಿ," ಎಂದು ಗಂಗರತ್ನಮ್ಮ ಎದ್ದು ನಿಂತರು. "ಜಾಲರಿ ಮ್ಯಾಲೆ ಪಂಚೆ ಹಾಸಿ ಇದಕ್ಕೆಲ್ಲ ಬುನಾದಿ ಹಾಕಿದ್ದು ನಾನು. ದೊಡ್ಡೋಳು ನಾನಿರುವಾಗ ಇವ್ರು ಯಾಕೆ ಹೋಗ್ತಾರೆ? ನಡಿಯಪ್ಪ ಏಟ್ಟು, ಸ್ಟೇಷನ್ಗೆ ಹೋಗಾನ. ಎಸ್‌ಐ ನಮ್ಮ ಕಡೆ ಹುಡ್ಗನೇ."

ಮುತ್ತರಾಯಪ್ಪ ತನ್ನ ಸೈಕಲ್ಲನ್ನು ನೋಡಿದ. ಮೂರು ಜನರನ್ನು ನೋಡಿದ. "ಪೋದುಂ, ಪೋದುಂ!" ಎಂದು ತಮಿಳಿನಲ್ಲಿ ಕೈ ಎತ್ತಿದ. ಸರ್ಕಾರಿ ಕೋಪ ಬಂದಾಗ ಅವನಿಗೆ ತಮಿಳೇ ಬರುತ್ತಿತ್ತು. "ಸಾಕು ನಿಲ್ಸಿ. ಇಪ್ಪತ್ತು ವರ್ಷ ಸರ್ವೀಸ್ನಾಗೆ ಒಬ್ಬನೂ ತಾನಾಗಿ ಒಪ್ಕೊಂಡಿಲ್ಲ. ಇವತ್ತು ಮೂರ್ ಜನ. ನಂಗಿರೋದು ಒಂದೇ ಕ್ಯಾರಿಯರ್. ಯಜಮಾನ್ರೇ, ಯಾರ್ನ ಕೂರಿಸ್ಕೊಳ್ಳಿ, ನೀವೇ ಹೇಳ್ಬುಡಿ."

"ಅವ್ವನ್ನ ಬುಟ್ಟು ಯಾರ್ನಾದ್ರೂ ಕೂರಿಸ್ಕೊ," ಎಂದ ರಾಮಕೃಷ್ಣಪ್ಪ.

ಆವುಲಪ್ಪ ಆಗಲೇ ಹೋಗಿ ಕ್ಯಾರಿಯರ್ ಮೇಲೆ ಕೂತಿದ್ದ. ಎರಡೂ ಕೈಯಿಂದ ಸೀಟಿನ ಸ್ಪ್ರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಎಳೆದರೂ ಇಳಿಯುವಂತಿರಲಿಲ್ಲ. ಗಂಗರತ್ನಮ್ಮ ಒಳಗೆ ಹೋಗಿ ಒಂದು ಪೊಟ್ಟಣ ಸಂಡಿಗೆ ತಂದು ಅವನ ಮಡಿಲಿಗಿಟ್ಟರು. "ಎಸ್‌ಐಗೆ ಕೊಡು. ಏನ್ ಮಸಾಲೆ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು."

ಮಡಚಿದ ಕೊಡೆ ಕೈಯಲ್ಲಿದ್ದುದನ್ನೂ ಮರೆತು, ಮಳೆಯಲ್ಲೇ ನಿಂತು ಬದರೀನಾಥ ಸುತ್ತಲೂ ಕಣ್ಣಾಡಿಸಿದ. ಎಲ್ಲರೂ ಇದ್ದರು. ಒಬ್ಬ ಇರಲಿಲ್ಲ.

"ಸಾರ್, ಮಳೆಯಲ್ಲಿ ನಿಂತಿದೀರಲ್ಲ."

ಸುಬ್ಬರಾಮ ಒಲೆಯ ಕಡೆಯಿಂದ ಬಂದು ಅವನ ತಲೆಯ ಮೇಲೆ ತನ್ನ ಕೊಡೆ ಹಿಡಿದ. ಇನ್ನೊಂದು ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ಅದನ್ನು ಕರವಸ್ತ್ರದಲ್ಲಿ ನಿಧಾನವಾಗಿ ಒರೆಸಿ ಜೇಬಿನಲ್ಲಿ ಅದರ ಜಾಗಕ್ಕೆ ನಿಲ್ಲಿಸಿದ.

"ಆ ಡಬ್ಬಿ ಮುಚ್ಚಳ ನೇತಾಡ್ತಿತ್ತು ಸಾರ್. ನಾಳೆ ನಿಮ್ಮ ಎಂಜಿನಿಯರ್ ಬರ್ತಾರಲ್ಲ, ನೀಟಾಗಿರಲಿ ಅಂತ ಸ್ಕ್ರೂ ಹಾಕಿ ಬಂದೆ." ಅವನು ಮುಗುಳ್ನಕ್ಕ. "ಒಳಗೂ ಸ್ವಲ್ಪ ಕ್ಲೀನ್ ಮಾಡಿದೆ."

ಒಳಗೂ. ಎಷ್ಟು ಒಳಗೆ? ಅರಿಶಿನದ ಪುಡಿಯನ್ನು ಮಾತ್ರ ಒರೆಸಿದನೋ, ಟೇಪು ಬಿಚ್ಚಿ ವೈರುಗಳನ್ನು ಅವುಗಳ ತುದಿಗೆ ಮರಳಿ ಸೇರಿಸಿದನೋ? ಈಗ ಕೂಗಿ ಹೇಳಿ, ಮುಚ್ಚಳ ತೆಗೆಸಿ, ಒಳಗೆ ಏನೂ ಇಲ್ಲದಿದ್ದರೆ? ಟೇಪು ಇನ್ನೂ ಅಲ್ಲೇ ಇದ್ದು, ತಾನು ಕಂಡಿದ್ದು ಇವನಿಗೆ ತಿಳಿದುಬಿಟ್ಟರೆ, ನಾಳೆ ಎಂಜಿನಿಯರ್ ಬರುವಷ್ಟರಲ್ಲಿ ಅದು ಉಳಿದೀತೆ?

ಏಟ್ಟಯ್ಯನ ಸೈಕಲ್ಲು ಕೆಸರಿನಲ್ಲಿ ಓಲಾಡುತ್ತ ಗೇಟು ದಾಟಿತು. ಹಿಂದೆ ಕೂತ ಆವುಲಪ್ಪ ತಿರುಗಿ ನೋಡಿದಾಗ ಅವನ ಮುಖದ ಎಡಭಾಗ ಮಾತ್ರ ಕಾಣುತ್ತಿತ್ತು. ಜಗಲಿಯಲ್ಲಿ ಯಾರೂ ನಗಲಿಲ್ಲ.

ಶ್ಯಾಮಲಮ್ಮ ಸೈಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ಓಡಿದವಳು ತಿರುಗಿ ಬಂದಳು. ಬದರೀನಾಥನ ಎದುರು, ಕೊಡೆಯ ಹೊರಗೆ, ಮಳೆಯಲ್ಲೇ ನಿಂತಳು.

"ಒಂದೇ ಒಂದು ಹೇಳಿ ಸ್ವಾಮಿ. ನಾನ್ ಕಟ್ದೇ ಇದ್ದಿದ್ರೆ, ಸೋಮವಾರ ಆ ಡಬ್ಬಿ ಒಲೆ ಆರಿಸ್ತಿತ್ತಾ?"

ಕೊಡೆ ಹಿಡಿದ ಸುಬ್ಬರಾಮನ ಕೈ ಅಲುಗಲಿಲ್ಲ. ಅವನೂ ಉತ್ತರಕ್ಕೆ ಕಾಯುತ್ತಿದ್ದ.

ಅವಳು ಸೆರಗನ್ನು ತಲೆಗೆಳೆದುಕೊಂಡು ಸೈಕಲ್ಲು ಹೋದ ದಾರಿ ಹಿಡಿದಳು.

ನೀನು ಕಂಕಣ ಕಟ್ಟುವ ಮೊದಲೇ ಆ ಸ್ವಿಚ್ಚು ಸತ್ತಿತ್ತು ಎಂದು ಬದರೀನಾಥ ಅವಳಿಗೆ ಹೇಳಲಿಲ್ಲ.